ದುಃಖಕ್ಕೆ ಎದೆ ನೋಯುವುದು ಸುಳ್ಳಲ್ಲ

‘ಸುದ್ದಿ ಕೇಳಿ ಎದೆಯೊಡೆದು ಹೋಯಿತು’ ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಆದರೆ ಸಾವಿನ ಮನೆಯಲ್ಲಿ ಹೆಂಗಸೊಬ್ಬರು ನಿಜವಾಗಿಯೂ ಎದೆನೋವು ಎಂದರೆ, ‘ಅತ್ತು ಅತ್ತು ಹೀಗಾಗಿದೆ, ನೀರು ಕುಡಿಸಿ ಮಲಗಿಸಿ’ ಎನ್ನುವವರೇ ಹೆಚ್ಚು. ಇದು ಅಪಾಯದ ಸಲಹೆ.

ಮನಸ್ಸಿಗೂ ಹೃದಯಕ್ಕೂ ಇರುವ ನಂಟು ವೈದ್ಯರಿಗೆ ಹೊಸದಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಕಥೆಯೊಂದಿದೆ. ರಾಜಕುಮಾರ ಆಂಟಿಯೋಕಸ್ ಕಾರಣ ತಿಳಿಯದೆ ಸೊರಗುತ್ತಿದ್ದನಂತೆ. ಅವನ ಎಳೆಯ ವಯಸ್ಸಿನ ಮಲತಾಯಿ ಒಳಗೆ ಬಂದಾಗಲೆಲ್ಲ ನಾಡಿ ತಾಳ ತಪ್ಪುವುದನ್ನು ಕಂಡು, ಇದು ಪ್ರೇಮದ ಕಾಯಿಲೆಯೆಂದು ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್ ಕಂಡುಹಿಡಿದ. ಕಥೆಯಲ್ಲಿ ನಿಜವೆಷ್ಟೋ, ಫ್ರಾನ್ಸಿನ ಚಿತ್ರಕಾರ ದಾವಿದ್ 1774ರಲ್ಲಿ ಇದನ್ನೇ ಚಿತ್ರಿಸಿ ದೊಡ್ಡ ಬಹುಮಾನ ಗಿಟ್ಟಿಸಿದ.

ಜಾನ್ ಹಂಟರ್‌ನದು ಮಾತ್ರ ಕಥೆಯಲ್ಲ. ಲಂಡನ್ನಿನ ಈ ಹೆಸರಾಂತ ಶಸ್ತ್ರವೈದ್ಯನಿಗೆ ಸಿಟ್ಟು ಬಂದರೆ ಎದೆನೋವು ಬರುತ್ತಿತ್ತು. ತನ್ನನ್ನು ಕೆಣಕುವ ಯಾವ ಪುಂಡನ ಕೈಯಲ್ಲಾದರೂ ತನ್ನ ಪ್ರಾಣವಿದೆ ಎಂದು ಹೇಳಿಕೊಳ್ಳುತ್ತಿದ್ದ. 1793ರಲ್ಲಿ ಆಸ್ಪತ್ರೆಯ ಸಭೆಯೊಂದರಲ್ಲಿ ಮಾತಿಗೆ ಮಾತು ಬೆಳೆದು, ಅಲ್ಲೇ ಕುಸಿದು ಸತ್ತ.

ಇನ್ನು ‘ಎದೆಯೊಡೆಯುವ’ ವಿಚಾರ. ಹೃದಯಾಘಾತದಂತೆಯೇ ಕಾಣುವ, ಆದರೆ ರಕ್ತನಾಳದಲ್ಲಿ ತಡೆಯೇ ಇಲ್ಲದ ಕಾಯಿಲೆಯೊಂದನ್ನು ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದರು. ಹೃದಯದ ಎಡ ಕೆಳಕೋಣೆಯ ತುದಿ ಬಲೂನಿನಂತೆ ಉಬ್ಬಿ, ಮೇಲ್ಭಾಗ ಕಿರಿದಾಗಿ, ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯುವ ಮಡಕೆಯಂತೆ ಕಾಣುತ್ತದೆ. ಆ ಮಡಕೆಯ ಹೆಸರೇ ಕಾಯಿಲೆಗೂ ಬಂತು: ತಾಕೋತ್ಸುಬೊ. ಆಪ್ತರ ಸಾವು, ಭಯ, ಜಗಳ, ಶಸ್ತ್ರಚಿಕಿತ್ಸೆ, ಅಪರೂಪಕ್ಕೆ ಅತಿಯಾದ ಸಂತೋಷ ಕೂಡ ಇದಕ್ಕೆ ಕಾರಣವಾಗಬಹುದು. ಅಡ್ರಿನಲಿನ್‌ನಂಥ ಹಾರ್ಮೋನುಗಳು ಒಮ್ಮೆಲೇ ಉಕ್ಕಿ ಹೃದಯದ ಸ್ನಾಯುವನ್ನು ಮಂಕಾಗಿಸುತ್ತವೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಹಿಳೆಯರು, ಅದರಲ್ಲೂ ಮುಟ್ಟು ನಿಂತವರೇ ಹೆಚ್ಚು. ಬಹುತೇಕರ ಹೃದಯ ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ. ಆದರೂ ಆಸ್ಪತ್ರೆ ಸೇರಿದವರಲ್ಲಿ ನೂರಕ್ಕೆ ನಾಲ್ಕೈದು ಮಂದಿ ಸಾಯುವುದುಂಟು.

ಇದು ತಾಕೋತ್ಸುಬೊ ಹೌದೋ ಅಲ್ಲವೋ ಎಂದು ಮನೆಯವರಿಗಿರಲಿ, ಇ.ಸಿ.ಜಿ. ನೋಡಿದ ನನ್ನಂಥ ವೈದ್ಯನಿಗೂ ಹೇಳಲಾಗದು. ರಕ್ತಪರೀಕ್ಷೆಯಲ್ಲೂ ಎರಡೂ ಒಂದೇ ಬಗೆ. ಆಂಜಿಯೋಗ್ರಾಮ್ ಮತ್ತು ಎಕೋ ಸ್ಕ್ಯಾನ್ ಆಗಬೇಕು. ಮೇಲಾಗಿ, ಆಪ್ತರು ತೀರಿಕೊಂಡ ಮೊದಲ ಕೆಲವು ದಿನಗಳಲ್ಲಿ ನಿಜವಾದ ಹೃದಯಾಘಾತದ ಸಂಭವವೂ ಏರುತ್ತದೆ. ಎದೆ ಬಿಗಿತ, ಉಸಿರಾಟದ ತೊಂದರೆ, ತಣ್ಣನೆಯ ಬೆವರು, ತಲೆಸುತ್ತು ಕಂಡರೆ ಕರ್ಮಾಂತರ ಮುಗಿಯಲೆಂದು ಕಾಯದೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಸಾವಿನ ಮನೆಯಲ್ಲಿ ಊಟ, ನಿದ್ದೆಯ ಜೊತೆಗೆ ಹಿರಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳೂ ತಪ್ಪುತ್ತವೆ. ಅವನ್ನು ಹೊತ್ತಿಗೆ ಸರಿಯಾಗಿ ಕೊಡುವ ಕೆಲಸವನ್ನು ಮೊದಲ ದಿನವೇ ಯಾರಾದರೂ ಒಬ್ಬರಿಗೆ ಒಪ್ಪಿಸಿ. ಸಕ್ಕರೆ ಮಾತ್ರೆಯನ್ನು ಮಾತ್ರ ಬರಿಹೊಟ್ಟೆಯಲ್ಲಿ ನುಂಗಿಸಬೇಡಿ, ಎರಡು ತುತ್ತಾದರೂ ತಿನ್ನಿಸಿ.