ಸಫಾರಿಯೂ ಮಕ್ಕಳ ವಯಸ್ಸೂ

ಮಗುವಿಗೆ ಐದು ವರ್ಷ. ಅರ್ಜಿಯಲ್ಲಿ ಆರು ಎಂದು ಬರೆದರೆ ಯಾರಿಗೆ ತಿಳಿದೀತು? ಆಫ್ರಿಕದ ವನ್ಯಧಾಮಗಳಿಗೆ ಹೊರಟಾಗ ಈ ಯೋಚನೆ ನಮ್ಮಲ್ಲಿ ಹಲವರಿಗೆ ಬರುವುದುಂಟು. ಕೂಸನ್ನು ಬಿಟ್ಟುಹೋಗಲು ಇಲ್ಲಿ ನಮಗೆ ಅಜ್ಜಿಯ ಮನೆಯಿಲ್ಲವಷ್ಟೆ. ಆದರೂ ಆ ನಿಯಮದ ಕಾರಣವನ್ನು ಅರಿಯುವುದು ಒಳ್ಳೆಯದು.

ಸಫಾರಿಯ ಹಲವು ವಾಹನಗಳಿಗೆ ಬಾಗಿಲು, ಕಿಟಕಿಗಳಿರುವುದಿಲ್ಲ. ಸಿಂಹವು ಹತ್ತಿರ ಸುಳಿದಾಗ ಎದ್ದು ನಿಲ್ಲದೆ, ಕೂಗದೆ ಕುಳಿತಿರುವುದೇ ಅಲ್ಲಿನ ರಕ್ಷಣೆ. ಸತ್ಯನಾರಾಯಣ ಪೂಜೆ ಮುಗಿಯುವವರೆಗೆ ಕೂರದ ಮಗು ಮೂರು ಗಂಟೆ ಹಾಗೆ ಕೂತೀತೆ? ಆದುದರಿಂದಲೇ ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನವು ತನ್ನ ತೆರೆದ ವಾಹನಗಳಲ್ಲಿ 6 ವರ್ಷಕ್ಕಿಂತ ಕಿರಿಯರನ್ನು ಒಯ್ಯುವುದಿಲ್ಲ. ಕಾಲ್ನಡಿಗೆಯ ಸಂಚಾರಕ್ಕೆ 12 ತುಂಬಿರಬೇಕು. ಬೇಲಿಯಿಲ್ಲದ ಬಿಡಾರಗಳಲ್ಲಂತೂ ಕತ್ತಲಾದ ಮೇಲೆ ದೊಡ್ಡವರೂ ಕಾವಲಿಲ್ಲದೆ ಊಟಕ್ಕೆ ಹೋಗುವಂತಿಲ್ಲ. ಓಡುವ ಪುಟ್ಟ ಆಕೃತಿ ಚಿರತೆಗೆ ಬೇಟೆಯೆನಿಸುತ್ತದೆ.

ಉಗಾಂಡ, ರುವಾಂಡಗಳ ಗೊರಿಲ್ಲ ದರ್ಶನಕ್ಕೆ 15 ವರ್ಷವಾಗಿರಬೇಕು. ಅಲ್ಲಿ ಅಪಾಯ ತಿರುವುಮುರುವು: ನಮ್ಮ ನೆಗಡಿ, ಕೆಮ್ಮು ಗೊರಿಲ್ಲಗಳಿಗೆ ಪ್ರಾಣಾಂತಿಕವಾಗಬಹುದು.

ಚಿಕ್ಕ ಮಕ್ಕಳಿರುವವರಿಗೆ ದಾರಿಯಿಲ್ಲದಿಲ್ಲ. ಕ್ರೂಗರ್‌ನಲ್ಲಿ ನಮ್ಮದೇ ಮುಚ್ಚಿದ ಕಾರಿನಲ್ಲಿ ಎಳೆಗೂಸಿನೊಡನೆಯೂ ತಿರುಗಬಹುದು. ಆದರೆ ಅದು ಮಲೇರಿಯದ ಸೀಮೆ. 5 ವರ್ಷದೊಳಗಿನವರಿಗೆ ಆ ಜ್ವರ ಬಹಳ ಕಠಿಣ. ಮಲೇರಿಯವಿಲ್ಲದ ಪಿಲಾನೆಸ್‌ಬರ್ಗ್, ಮಡಿಕ್ವೆ ಧಾಮಗಳೇ ಲೇಸು. ವಸತಿಗೃಹಕ್ಕೊಂದು ನಿಯಮವಿರುವುದರಿಂದ, ಮುಂಗಡ ಕಟ್ಟುವ ಮೊದಲೇ ಮಗುವಿನ ನಿಜವಾದ ವಯಸ್ಸನ್ನು ತಿಳಿಸಿ ಲಿಖಿತ ಒಪ್ಪಿಗೆ ಪಡೆಯೋಣ.