ಮೊದಲು ಲೆಕ್ಕ, ಆಮೇಲೆ ಪಾನಾ: ಕಾರಿನ ಮೈಲೇಜ್ ಕಡಿಮೆಯಾದರೆ ಏನು ಮಾಡಬೇಕು?

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಸಾಮಾನ್ಯ ಮನೆಗಳಲ್ಲಿ ಕಾರು ಶೋಕಿಯ ವಸ್ತುವಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಲು, ಅಂಗಡಿಗೆ ಮಾಲು ತರಲು, ಮದುವೆಗೆ ಮನೆಮಂದಿಯನ್ನೆಲ್ಲ ಕರೆದೊಯ್ಯಲು ಅದೇ ಒಂದು ಗಾಡಿ. ಅಂಥ ಗಾಡಿ “ಎಣ್ಣಿ ಭಾಳ ಕುಡಿಯಾಕತ್ತೈತಿ” ಎನ್ನಿಸಿಕೊಂಡರೆ ಮನೆಯ ಬಜೆಟ್ಟೇ ಅಲುಗಾಡುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಬ್ಬಾ ರೆಡಿಮೇಡ್ ಬಟ್ಟೆ ವ್ಯಾಪಾರಿ. ಎಂಟು ವರ್ಷದ ಹಳೆಯ ಪೆಟ್ರೋಲ್ ಕಾರು, ತಿಂಗಳಿಗೆ ಸುಮಾರು 1,000 ಕಿ.ಮೀ. ಓಡುತ್ತದೆ. ಮಳೆಗಾಲದ ನಂತರ ಮೈಲೇಜ್ ಬಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, “ಎಂಜಿನ್ ಬಿಚ್ಚಬೇಕು, 35,000 ರೂಪಾಯಿ ಆಗುತ್ತದೆ” ಎಂದರು. ಮನೆಯಲ್ಲಿ ಕೂಡಿಟ್ಟಿದ್ದ ಹಣ ಇದ್ದದ್ದು ಅಕ್ಕನ ನರ್ಸಿಂಗ್ ಕಾಲೇಜಿನ ಫೀಸಿಗೆ. “ಪಹಲೇ ಹಿಸಾಬ್ ಕರೋ, ಫಿರ್ ಖರ್ಚ್ ಕರೋ” ಎಂದು ದಾದಿ ಪಟ್ಟು ಹಿಡಿದರು. ಲಾರಿ ಓಡಿಸುವ ನಮ್ಮ ಮಾಮುವಿನ ಸಹಾಯದಿಂದ ಎರಡು ಮೂರು ತಿಂಗಳು ಒಂದೊಂದೇ ಕಾರಣ ಹುಡುಕಿದೆವು. ಆ ಕ್ರಮ ಯಾವುದೇ ಮನೆಯ ಕಾರಿಗೂ ಹೊಂದುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೈಲೇಜ್ ಎಂದರೆ ಅಂದಾಜಲ್ಲ

“500 ರೂಪಾಯಿ ಹಾಕಿಸಿದೆ, ಎರಡೇ ದಿನಕ್ಕೆ ಮುಗಿಯಿತು” ಎನ್ನುವುದು ಲೆಕ್ಕವಲ್ಲ. ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮುಳ್ಳು ನೋಡಿ ಹೇಳುವುದೂ ಲೆಕ್ಕವಲ್ಲ. ಸರಿಯಾದ ವಿಧಾನ ಒಂದೇ: ಟ್ಯಾಂಕ್‌ನಿಂದ ಟ್ಯಾಂಕ್‌ಗೆ.

ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ. ಓಡೋಮೀಟರಿನ ಅಂಕಿ ಬರೆದುಕೊಳ್ಳಿ. ಎಂದಿನಂತೆ ಕಾರು ಓಡಿಸಿ. ಮುಂದಿನ ಸಲ ಸಾಧ್ಯವಾದರೆ ಅದೇ ಬಂಕಿನಲ್ಲಿ ಮತ್ತೆ ಅದೇ ರೀತಿ ತುಂಬಿಸಿ. ಎಷ್ಟು ಕಿ.ಮೀ. ಓಡಿತು ಎಂಬುದನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಅಂಕಿ ನಂಬಬೇಡಿ. ಎರಡು ಮೂರು ಟ್ಯಾಂಕ್‌ಗಳ ಸರಾಸರಿ ತೆಗೆಯಿರಿ.

ನಮ್ಮ ಕಾರು 390 ಕಿ.ಮೀ. ಓಡಿ 30 ಲೀಟರ್ ಕುಡಿದಿತ್ತು. ಅಂದರೆ ಲೀಟರಿಗೆ 13 ಕಿ.ಮೀ. ಎರಡನೆಯ ಟ್ಯಾಂಕ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ ಬಂತು. ಅಬ್ಬಾ 2022ರಲ್ಲಿ ಅಂಗಡಿಯ ಖಾತೆಪುಸ್ತಕದಲ್ಲಿ ಪೆಟ್ರೋಲ್ ಮತ್ತು ಕಿ.ಮೀ. ಬರೆದಿಟ್ಟಿದ್ದರು. ಅದರ ಪ್ರಕಾರ ಆಗ 17 ಬರುತ್ತಿತ್ತು. ಈಗ ನಮ್ಮ ಕೈಯಲ್ಲಿ ದೂರು ಅಲ್ಲ, ಒಂದು ಅಂಕಿ ಇತ್ತು: 4 ಕಿ.ಮೀ. ಎಲ್ಲಿ ಹೋಯಿತು?

ಹೋಲಿಸುವಾಗ ಕಂಪನಿಯ ಜಾಹೀರಾತಿನ ಅಂಕಿಯನ್ನು ಹಿಡಿಯಬೇಡಿ. ಆ ಪ್ರಮಾಣಿತ ಅಂಕಿ ಪ್ರಯೋಗಾಲಯದಲ್ಲಿ, ರೋಲರುಗಳ ಮೇಲೆ ಕಾರು ಓಡಿಸಿ ಪಡೆದದ್ದು. ಅಲ್ಲಿ ನಮ್ಮ ಊರಿನ ಹಂಪ್ಸ್ ಇಲ್ಲ, ಟ್ರಾಕ್ಟರ್ ಇಲ್ಲ, ಎದುರುಗಾಳಿ ಇಲ್ಲ. ನಿಮ್ಮ ಕಾರಿಗೆ ಅಳತೆಗೋಲು ನಿಮ್ಮ ಕಾರಿನ ಹಳೆಯ ಅಂಕಿಯೇ.

ಬದಲಾಗಿದ್ದು ಕಾರೋ, ಓಡಾಟವೋ?

ಪಾನಾ ಹಿಡಿಯುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ಮೊದಲು ಬರೀ ಹುಬ್ಬಳ್ಳಿ ರಸ್ತೆಯಲ್ಲಿ ಓಡುತ್ತಿದ್ದ ಕಾರು ಈಗ ದಿನಾ ಎರಡು ಕಿ.ಮೀ. ದೂರದ ಶಾಲೆಗೆ ಮಗುವನ್ನು ಬಿಡಲು ಹೋಗುತ್ತಿದ್ದರೆ ಮೈಲೇಜ್ ಬೀಳಲೇಬೇಕು. ತಣ್ಣಗಿರುವ ಎಂಜಿನ್‌ಗೆ ಬಿಸಿಯಾಗುವವರೆಗೆ ಹೆಚ್ಚು ಪೆಟ್ರೋಲ್ ಬೇಕು. ಸಣ್ಣ ಓಡಾಟದಲ್ಲಿ ಅದು ಬಿಸಿಯಾಗುವ ಹೊತ್ತಿಗೆ ದಾರಿಯೇ ಮುಗಿದಿರುತ್ತದೆ. ಬೇಸಿಗೆಯಲ್ಲಿ ಎ.ಸಿ. ಹಾಕಿ ಮಾಡುವ ಸಣ್ಣ ಓಡಾಟ ಇನ್ನೂ ದುಬಾರಿ.

ವೇಗವೂ ಮುಖ್ಯ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಹೋಗುತ್ತಿದ್ದವರು 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲು ಭಾಗ, ಗಾಳಿಯ ತಡೆ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ. ನವಲಗುಂದದ ಬಯಲಿನ ನೇರ ರಸ್ತೆ ಕಾಲನ್ನು ಆಕ್ಸಿಲರೇಟರ್ ಮೇಲೆ ಗಟ್ಟಿಯಾಗಿ ಒತ್ತಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಒಂದಿದೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರಲ್ಲೂ ಇದನ್ನು ನಂಬುವವರಿದ್ದಾರೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಪೆಟ್ರೋಲ್ ಸುರಿಯಬೇಕಾಗುತ್ತದೆ. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕ್ ಕಾಯುತ್ತದೆ. ಉಳಿತಾಯವೂ ಇಲ್ಲ, ಜೀವಕ್ಕೂ ಅಪಾಯ.

ಖರ್ಚಿಲ್ಲದ ತಪಾಸಣೆ: ಗಾಳಿ ಮತ್ತು ಭಾರ

ಡ್ರೈವರ್ ಬಾಗಿಲು ತೆರೆದರೆ ಪಕ್ಕದ ಕಂಬದಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಅಂಟಿಸಿರುತ್ತಾರೆ. ಟೈರಿಗೆ ಎಷ್ಟು ಗಾಳಿ ಇರಬೇಕು ಎಂದು ಅದರಲ್ಲಿ ಇರುತ್ತದೆ. ಟೈರ್ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಹೊರಟ ಕೂಡಲೇ ಗಾಳಿ ನೋಡಬೇಕು. ನಮ್ಮ ಚೀಟಿಯಲ್ಲಿ 33 ಪಿಎಸ್ಐ ಎಂದಿತ್ತು, ಟೈರುಗಳಲ್ಲಿ ಇದ್ದದ್ದು 22ರಿಂದ 25. ನಾಲ್ಕೂ ಟೈರುಗಳಲ್ಲಿ ಸರಾಸರಿ 1 ಪಿಎಸ್ಐ ಕಡಿಮೆಯಾದರೆ ಮೈಲೇಜ್ ಸುಮಾರು 0.2 ಶೇಕಡಾ ಇಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಆ ಲೆಕ್ಕದಲ್ಲಿ ನಮ್ಮ ನಷ್ಟ ಸುಮಾರು 2 ಶೇಕಡಾ. ದೊಡ್ಡದೇನಲ್ಲ, ಆದರೆ ಸರಿಪಡಿಸಲು ಖರ್ಚೂ ಇಲ್ಲ. ಗಾಳಿ ಕಡಿಮೆಯಾದ ಟೈರ್ ಬೇಗ ಸವೆಯುತ್ತದೆ, ಕಾದು ಒಡೆಯಲೂಬಹುದು.

ಎರಡನೆಯದು ಮೇಲಿನ ಕ್ಯಾರಿಯರ್. ಬಟ್ಟೆ ಗಂಟು ಕಟ್ಟಲು ಹಾಕಿಸಿದ್ದ ಕ್ಯಾರಿಯರ್ ವಾರಪೂರ್ತಿ ಖಾಲಿಯೇ ತಿರುಗುತ್ತಿತ್ತು. ಕಾರಿನ ಮೇಲೆ ದೊಡ್ಡ ಪೆಟ್ಟಿಗೆ ಕಟ್ಟಿ ಹೆದ್ದಾರಿಯಲ್ಲಿ ಹೋದರೆ ಮೈಲೇಜ್ 6ರಿಂದ 17 ಶೇಕಡಾ ಬೀಳಬಹುದು ಎನ್ನುತ್ತದೆ ಅದೇ ಇಲಾಖೆ. ಖಾಲಿ ಕ್ಯಾರಿಯರ್‌ನಿಂದ ಅಷ್ಟು ಹೊಡೆತವಿಲ್ಲ. ಆದರೂ ನಾಲ್ಕು ಬೋಲ್ಟ್ ಬಿಚ್ಚಿದರೆ ಮುಗಿಯುವ ಕೆಲಸ. ಡಿಕ್ಕಿಯಲ್ಲಿ ಕಾಯಂ ಆಗಿ ಕೂತಿರುವ ಸಾಮಾನನ್ನೂ ಇಳಿಸಿ. ಸುಮಾರು 45 ಕಿಲೋ ಹೆಚ್ಚುವರಿ ಭಾರಕ್ಕೆ 1 ಶೇಕಡಾ ಹೋಗುತ್ತದೆ.

ಗಾಳಿ ಹೊಡೆಸಿ, ಕ್ಯಾರಿಯರ್ ಇಳಿಸಿದ ಮೇಲೆ ನಮ್ಮ ಅಂಕಿ 13.9ಕ್ಕೆ ಬಂತು.

ಹಿಡಿದುಕೊಂಡ ಬ್ರೇಕ್

ದೊಡ್ಡ ಕಳ್ಳ ಇಲ್ಲಿ ಸಿಕ್ಕ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಕಾರು ಹೋದರೆ ಕರಿಮಣ್ಣು ಚಕ್ರದ ಒಳಗೆಲ್ಲ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲಿನಂತಾಗುತ್ತದೆ. ಮುಂದಿನ ಚಕ್ರದ ಬ್ರೇಕ್‌ನಲ್ಲಿ ಕ್ಯಾಲಿಪರ್ ಎಂಬ ಭಾಗ ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರಬೇಕು. ಪಿನ್ನಿನ ರಬ್ಬರ್ ಟೊಪ್ಪಿಗೆ ಹರಿದು ಮಣ್ಣು, ನೀರು ಸೇರಿದರೆ ಪಿನ್ ಜಾಮ್ ಆಗುತ್ತದೆ. ಆಗ ನಾವು ಪೆಡಲ್ ಬಿಟ್ಟರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಒಂದು ಕಾಲಿನಿಂದ ಬ್ರೇಕ್, ಇನ್ನೊಂದರಿಂದ ಆಕ್ಸಿಲರೇಟರ್ ಒತ್ತಿಕೊಂಡೇ ಹುಬ್ಬಳ್ಳಿಗೆ ಹೋಗಿ ಬಂದ ಹಾಗೆ!

ಇದನ್ನು ಪತ್ತೆ ಮಾಡಲು ಮಾಮು ಮೂರು ಪರೀಕ್ಷೆ ಹೇಳಿದರು.

ಒಂದು: ಸಮತಟ್ಟಾದ, ಜನರಿಲ್ಲದ ಜಾಗದಲ್ಲಿ ಎಂಜಿನ್ ಆರಿಸದೆ, ನಿಧಾನವಾಗಿ ಹೋಗುತ್ತಾ ನ್ಯೂಟ್ರಲ್ ಮಾಡಿ. ಒಳ್ಳೆಯ ಗಾಡಿ ಸರಾಗವಾಗಿ ಉರುಳುತ್ತಾ ಹೋಗುತ್ತದೆ. ಬ್ರೇಕ್ ಹಿಡಿದ ಗಾಡಿ ಯಾರೋ ಹಿಂದಿನಿಂದ ಎಳೆದಂತೆ ನಿಲ್ಲುತ್ತದೆ.

ಎರಡು: ಹತ್ತು ಕಿ.ಮೀ. ಬ್ರೇಕ್ ಹೆಚ್ಚು ಬಳಸದೆ ಓಡಿಸಿ, ನಿಂತ ಮೇಲೆ ಒಂದೊಂದೇ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರದಿಂದ ಮಾತ್ರ ಹೆಚ್ಚು ಬಿಸಿ ಬಂದರೆ ಅನುಮಾನ ಅದರ ಮೇಲೆ. ನಮ್ಮದು ಮುಂದಿನ ಎಡಚಕ್ರ.

ಮೂರು: ಜಾಕ್ ಹಾಕಿ ಚಕ್ರವನ್ನು ಕೈಯಿಂದ ತಿರುಗಿಸಿ ನೋಡುವುದು. ಇದನ್ನು ಗಟ್ಟಿ ನೆಲದ ಮೇಲೆ, ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಅನುಭವಿಗಳ ಜೊತೆಗೇ ಮಾಡಿ. ಎರೆ ಮಣ್ಣಿನಲ್ಲಿ ಜಾಕ್ ಕುಸಿಯುತ್ತದೆ. ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ.

ಹಿಂದಿನ ಚಕ್ರ ಬಿಸಿಯಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ಜಾಮ್ ಆಗಿರಬಹುದು. ಬ್ರೇಕ್ ರಿಪೇರಿಯನ್ನು ಮಾತ್ರ ಮನೆಯಲ್ಲಿ ಮಾಡಬಾರದು. ನಾವು ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಪಿನ್ ಸ್ವಚ್ಛ ಮಾಡಿಸಿ, ಹೊಸ ರಬ್ಬರ್ ಮತ್ತು ಪ್ಯಾಡ್ ಹಾಕಿಸಿದೆವು. 1,900 ರೂಪಾಯಿ ಆಯಿತು. ಮುಂದಿನ ಟ್ಯಾಂಕ್‌ನಲ್ಲಿ 30 ಲೀಟರಿಗೆ 486 ಕಿ.ಮೀ., ಅಂದರೆ 16.2!

ಫಿಲ್ಟರ್, ಪ್ಲಗ್, ಸೆನ್ಸರ್

ಮೈಲೇಜ್ ಎಂದ ಕೂಡಲೇ ಎಲ್ಲರೂ ಏರ್ ಫಿಲ್ಟರ್ ಎನ್ನುತ್ತಾರೆ. ಕಾರ್ಬ್ಯುರೇಟರ್ ಇದ್ದ ಹಳೆಯ ಗಾಡಿಗಳಲ್ಲಿ ಅದು ನಿಜ. ಈಗಿನ ಇಂಜೆಕ್ಷನ್ ಕಾರಿನಲ್ಲಿ ಒಳಗೆ ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಕಂಪ್ಯೂಟರ್ ಕೊಡುತ್ತದೆ. ಆದ್ದರಿಂದ ಫಿಲ್ಟರ್ ಕಟ್ಟಿದರೆ ಎಳೆತ ಕಡಿಮೆಯಾಗುತ್ತದೆ, ಮೈಲೇಜ್ ಅಷ್ಟಾಗಿ ಬದಲಾಗುವುದಿಲ್ಲ. ನಾವು 350 ರೂಪಾಯಿ ಕೊಟ್ಟು ಬದಲಿಸಿದೆವು. ಕಾರು ಚುರುಕಾಯಿತು, ಅಂಕಿ 16.2ರಲ್ಲೇ ಉಳಿಯಿತು. ಆದರೂ ನಮ್ಮ ಧೂಳಿಗೆ ಎಂಜಿನ್ ಸವೆಯದಿರಲು ಫಿಲ್ಟರ್ ಬೇಕೇ ಬೇಕು.

ಸವೆದ ಸ್ಪಾರ್ಕ್ ಪ್ಲಗ್ ಇದ್ದರೆ ಎಂಜಿನ್ ತಡವರಿಸುತ್ತದೆ. ಎಂಜಿನ್ ಬಿಸಿಯೇ ಆಗದಿದ್ದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಉಳಿದಿರಬಹುದು. ಹೊಗೆನಳಿಗೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಕೆಟ್ಟರೆ ಪೆಟ್ರೋಲ್ ನೀರಿನಂತೆ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿದ್ದರೆ ಮೊದಲು ಸ್ಕ್ಯಾನರ್ ಹಾಕಿಸಿ.

ಪೆಟ್ರೋಲೇ ಬದಲಾಗಿದೆ

17ಕ್ಕೆ ಇನ್ನೂ 0.8 ಬಾಕಿ ಉಳಿಯಿತು. ಇದರಲ್ಲಿ ಒಂದು ಭಾಗ ಪೆಟ್ರೋಲಿನದು. 2022ರಲ್ಲಿ ಬಂಕುಗಳಲ್ಲಿ ಸಿಗುತ್ತಿದ್ದದ್ದು 10 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. 2023ರಿಂದ ಹಂತಹಂತವಾಗಿ 20 ಶೇಕಡಾ ಬೆರೆತ ಇ20 ಬಂದಿದೆ. ಕಬ್ಬು, ಅಕ್ಕಿ, ನಮ್ಮ ಜಿಲ್ಲೆಯಲ್ಲೂ ಬೆಳೆಯುವ ಗೋವಿನಜೋಳ ಇವುಗಳಿಂದ ಎಥೆನಾಲ್ ಮಾಡುತ್ತಾರೆ. ಆಮದು ಎಣ್ಣೆ ಕಡಿಮೆಯಾಗುತ್ತದೆ ಎಂಬುದು ಇದರ ಲಾಭ. ಆದರೆ ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ. ನೀತಿ ಆಯೋಗದ 2021ರ ವರದಿಯೇ ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ 6ರಿಂದ 7 ಶೇಕಡಾ, ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2 ಶೇಕಡಾ ಮೈಲೇಜ್ ಇಳಿಯಬಹುದು ಎಂದು ಅಂದಾಜಿಸಿತ್ತು. ಇದು ರಿಪೇರಿಯಿಂದ ಸರಿಯಾಗುವುದಲ್ಲ. ಆದರೆ ಲೀಟರಿಗೆ 4 ಕಿ.ಮೀ. ಹೋದರೆ ಇ20ಯನ್ನಷ್ಟೇ ದೂರಿ ಸುಮ್ಮನಾಗಬೇಡಿ.

ಅಳತೆಯ ಮೇಲೆ ಅನುಮಾನವಿದ್ದರೆ, ಬಂಕಿನಲ್ಲಿ 5 ಲೀಟರಿನ ಮುದ್ರೆಯುಳ್ಳ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕನಿಗಿದೆ.

ಎಂಜಿನ್ ಬಿಚ್ಚುವ ಮೊದಲು

ಎಂಜಿನ್ ನಿಜವಾಗಿಯೂ ಸವೆದಿದ್ದರೆ ಗುರುತು ಇರುತ್ತದೆ: ನೀಲಿ ಹೊಗೆ, ಮೇಲಿಂದ ಮೇಲೆ ಕಡಿಮೆಯಾಗುವ ಎಂಜಿನ್ ಆಯಿಲ್, ಏರಿನಲ್ಲಿ ಎಳೆಯದಿರುವುದು. ಆಗಲೂ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರಿನಲ್ಲಿ ಎಷ್ಟು ಒತ್ತಡ ನಿಲ್ಲುತ್ತದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದೆ. ಆ ಅಂಕಿ ನೋಡದೆ ಎಂಜಿನ್ ಬಿಚ್ಚಲು ಒಪ್ಪಬೇಡಿ. ನಮ್ಮ ಕಾರಿನಲ್ಲಿ ಈ ಗುರುತು ಒಂದೂ ಇರಲಿಲ್ಲ.

ಲಾಭ-ನಷ್ಟದ ತಾಳೆ

ವಾಣಿಜ್ಯ ವಿದ್ಯಾರ್ಥಿಗಳಿಗೆ ಇಷ್ಟವಾಗುವ ಭಾಗ ಇದು. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ 1,000 ಕಿ.ಮೀ.ಗೆ 13ರ ಮೈಲೇಜಿನಲ್ಲಿ 76.9 ಲೀಟರ್ ಬೇಕು, 16.2ರಲ್ಲಿ 61.7 ಲೀಟರ್ ಸಾಕು. ಉಳಿತಾಯ ತಿಂಗಳಿಗೆ 1,520 ರೂಪಾಯಿ. ನಾವು ಮಾಡಿದ ಒಟ್ಟು ಖರ್ಚು 2,250. ಒಂದೂವರೆ ತಿಂಗಳಿನಲ್ಲಿ ವಾಪಸ್. 35,000 ಕೊಟ್ಟು ಎಂಜಿನ್ ಬಿಚ್ಚಿಸಿ ಇಷ್ಟೇ ಉಳಿತಾಯ ಬಂದಿದ್ದರೂ ಹಣ ಮರಳಲು 23 ತಿಂಗಳು ಬೇಕಿತ್ತು. ಹಾಗೆ ಬರುತ್ತಲೂ ಇರಲಿಲ್ಲ, ಏಕೆಂದರೆ ಹೊಸ ಎಂಜಿನ್ ಕೂಡ ಅದೇ ಜಾಮ್ ಆದ ಬ್ರೇಕನ್ನೇ ಎಳೆಯಬೇಕಿತ್ತು.

ಇನ್ನೊಂದು ಸ್ವಾರಸ್ಯ. ಮೈಲೇಜ್ 12ರಿಂದ 15ಕ್ಕೆ ಏರಿದರೆ 1,000 ಕಿ.ಮೀ.ಗೆ 16.7 ಲೀಟರ್ ಉಳಿಯುತ್ತದೆ. 15ರಿಂದ 18ಕ್ಕೆ ಏರಿದರೆ ಉಳಿಯುವುದು 11.1 ಲೀಟರ್ ಮಾತ್ರ. ಎರಡೂ ಕಡೆ ಏರಿದ್ದು 3 ಕಿ.ಮೀ.ಯೇ. ಅಂದರೆ ತೀರಾ ಕೆಟ್ಟ ಮೈಲೇಜನ್ನು ಸ್ವಲ್ಪ ಸುಧಾರಿಸುವುದರಲ್ಲೇ ಹೆಚ್ಚು ಹಣವಿದೆ.

ಕೊನೆಯದಾಗಿ ಎರಡು ನಿಯಮ. ಕಡಿಮೆ ಖರ್ಚಿನ ತಪಾಸಣೆ ಮೊದಲು, ಹೆಚ್ಚು ಖರ್ಚಿನದು ಕೊನೆಗೆ. ದುಡ್ಡು ಬೀಳುವ ರಿಪೇರಿಗಳನ್ನು ಒಂದೊಂದಾಗಿ ಮಾಡಿಸಿ, ಪ್ರತಿಯೊಂದರ ನಂತರ ಒಂದು ಟ್ಯಾಂಕ್ ಅಳೆಯಿರಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದೇ ಇಲ್ಲ. ಮನೆಯಲ್ಲಿ ಬೈಕ್ ಇರುವವರಿಗೂ ಇದೇ ಕ್ರಮ: ಗಾಳಿ, ಬ್ರೇಕ್, ಚೈನ್, ಆಮೇಲೆ ಪ್ಲಗ್. ಅಕ್ಕನ ಫೀಸು ಕಟ್ಟಿದ್ದಾಯಿತು. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಈಗ ಹತ್ತು ರೂಪಾಯಿಯ ಒಂದು ನೋಟ್‌ಬುಕ್, ಒಂದು ಪೆನ್ನು ಇರುತ್ತದೆ. ಇವತ್ತು ಪೆಟ್ರೋಲ್ ಹಾಕಿಸುವಾಗ ನಿಮ್ಮ ಮನೆಯಲ್ಲೂ ಓಡೋಮೀಟರ್ ಅಂಕಿ ಬರೆದಿಡಲು ಹೇಳಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ