ಕಂಪ್ಯೂಟರಿನೊಳಗೊಂದು ವಠಾರ

ಮನೆಯ ಹೊರಕೋಣೆ ಬಾಡಿಗೆಗೆ ಕೊಟ್ಟರೆ ಆ ಕೋಣೆಯ ಬೀಗದ ಕೈ ಮಾತ್ರ ಕೊಡುತ್ತೇವೆ. ಬೀರುವಿನದ್ದು ನಮ್ಮ ಸೊಂಟದಲ್ಲೇ ಇರುತ್ತೆ. ಆದರೆ ಮಕ್ಕಳ ಫೋಟೋ, ಬ್ಯಾಂಕಿನ ಕಾಗದ, ಪಹಣಿಯ ನಕಲು ತುಂಬಿರುವ ಕಂಪ್ಯೂಟರಿಗೆ ಮಾತ್ರ ಕಂಡಕಂಡ ಪ್ರೋಗ್ರಾಮನ್ನೆಲ್ಲ ಬಿಟ್ಟುಕೊಳ್ಳುತ್ತೇವೆ. ಇದು ಸರಿಯೇ, ಸೋದರಿಯರೇ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು ಕಾಸಿಲ್ಲದೆ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿಕೊಳ್ಳಬಹುದು. ಅದರಲ್ಲಿ ಫ್ಲಾಟ್‌ಪ್ಯಾಕ್ ಎಂಬ ಏರ್ಪಾಡು ಮೊದಲೇ ಇರುತ್ತೆ. 2016ರಲ್ಲಿ ಈ ಹೆಸರು ಪಡೆದ ಇದು, ಒಂದೊಂದು ಪ್ರೋಗ್ರಾಮನ್ನೂ ವಠಾರದ ಒಂದೊಂದು ಮನೆಯಂತೆ ಬೇರೆಬೇರೆ ಇಡುತ್ತೆ.

ಹಾಕಿಕೊಳ್ಳುವ ಬಗೆ: ಮೆನುವಿನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು, ಬೇಕಾದ ಹೆಸರು ಹುಡುಕಿ, ಫ್ಲಾಟ್‌ಪ್ಯಾಕ್ ಎಂದಿರುವುದನ್ನು ಆರಿಸಿ ಇನ್‌ಸ್ಟಾಲ್ ಒತ್ತಿ. ಅದು ಫ್ಲಾಟ್‌ಹಬ್ ಎಂಬ ಭಂಡಾರದಿಂದ ಬರುತ್ತೆ. ಪ್ರೋಗ್ರಾಮು ಮಾಡಿದವರೇ ಅಲ್ಲಿ ಇಟ್ಟಿದ್ದೆಂದು ಖಾತ್ರಿಯಾಗದವನ್ನು 2024ರ ಮಿಂಟ್ 22ರಿಂದ ತಾನಾಗಿ ತೋರಿಸುವುದಿಲ್ಲ. ಆ ಪರದೆ ಸರಿಸುವ ಆತುರ ಬೇಡ.

ಮೊದಲ ಸಲ ನೂರಾರು ಎಂಬಿ ಇಳಿಯುತ್ತಲ್ಲ ಎಂದು ಗಾಬರಿಯಾಗಬೇಡಿ. ವಠಾರಕ್ಕೆ ಬಾವಿಯಿದ್ದಂತೆ, ಹಲವು ಪ್ರೋಗ್ರಾಮುಗಳಿಗೆ ಬೇಕಾದ ಸಾಮಗ್ರಿ ಅದು. ಅದನ್ನೇ ಬಳಸುವ ಮುಂದಿನವಕ್ಕೆ ಮತ್ತೆ ಇಳಿಸಬೇಕಾಗಿಲ್ಲ.

ಬೀಗದ ಕೈ ಯಾರ ಹತ್ತಿರ? ಮುಖ್ಯವಾದ ಮಾತು ಇದೇ. ಬೇರೆ ಮನೆಯಲ್ಲಿಟ್ಟ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ವಿಎಲ್‌ಸಿ, ಲಿಬ್ರೆಆಫೀಸ್‌ನಂಥ ಒಳ್ಳೆಯ ಪ್ರೋಗ್ರಾಮುಗಳು ಕೂಡ ನಮ್ಮ ಫೈಲುಗಳನ್ನೆಲ್ಲ ನೋಡುವ ಅನುಮತಿ ಪಡೆದೇ ಬರುತ್ತವೆ. ಯಾರಿಗೆ ಏನು ಅನುಮತಿ ಇದೆ ಎಂದು ನೋಡಲು ಫ್ಲಾಟ್‌ಸೀಲ್ ಎಂಬ ಪ್ರೋಗ್ರಾಮನ್ನು ಇದೇ ಕ್ರಮದಲ್ಲಿ ಹಾಕಿಕೊಳ್ಳಿ. ಎಡಗಡೆ ಹೆಸರು, ಬಲಗಡೆ ಸ್ವಿಚ್ಚುಗಳು. ಮಕ್ಕಳ ಆಟಕ್ಕೆ ನಿಮ್ಮ ಫೈಲುಗಳೇಕೆ? ಫೈಲ್‌ಸಿಸ್ಟಮ್ ಎಂಬಲ್ಲಿ ಆ ಸ್ವಿಚ್ ಆರಿಸಿ, ಆಟವನ್ನು ಮುಚ್ಚಿ ಮತ್ತೆ ತೆರೆಯಿರಿ. ಏನಾದರೂ ಕೆಟ್ಟಂತೆ ಕಂಡರೆ ರೀಸೆಟ್ ಒತ್ತಿ, ಮೊದಲಿನಂತೆ ಆಗುತ್ತೆ.

ಖಾಲಿ ಮಾಡಿಸುವಾಗ: ಪ್ರೋಗ್ರಾಮು ತೆಗೆದರೂ ಅದರ ಸಾಮಾನು ಉಳಿದಿರಬಹುದು. ಫೈಲು ನೋಡುವ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಚುಕ್ಕೆಯಿಂದ ಶುರುವಾಗುವ 'ವಾರ್' ಫೋಲ್ಡರ್ ಕಾಣುತ್ತೆ. ಅದರೊಳಗೆ 'ಆಪ್' ಎಂಬಲ್ಲಿ ಪ್ರೋಗ್ರಾಮಿಗೊಂದು ಫೋಲ್ಡರ್ ಇರುತ್ತೆ. ಬೇಕಾದ್ದನ್ನು ಬೇರೆ ಕಡೆ ನಕಲು ಮಾಡಿಕೊಂಡೇ ಅಳಿಸಿ. ಅಳಿಸಿದ ಮೇಲೆ ಪೇಚಾಡಿ ಫಲವಿಲ್ಲ.

ಅಪ್‌ಡೇಟ್ ಮ್ಯಾನೇಜರ್ ಹೊಸದು ಬಂದಿದೆ ಎಂದರೆ ಮುಂದೂಡಬೇಡಿ. ತೂತು ಮುಚ್ಚುವ ರಿಪೇರಿಯೂ ಅದರಲ್ಲೇ ಬರುವುದುಂಟು. ತಿಂಗಳ ದಿನಸಿ ಡಬ್ಬಿಗಳನ್ನು ಒರೆಸಿಡುವ ದಿನವೇ ಫ್ಲಾಟ್‌ಸೀಲ್ ಕೂಡ ಒಮ್ಮೆ ತೆರೆದು ನೋಡಿದರೆ ಕಾಲು ಗಂಟೆಯ ಕೆಲಸ. ಇದಕ್ಕಾಗಿ ಮಗನೋ ಅಳಿಯನೋ ಊರಿಗೆ ಬರಲಿ ಎಂದು ಕಾಯಬೇಕಾಗಿಲ್ಲ.